ಮುನಿದ ರೋಗಿಯೂ ದಾದಿಯ ಅರಿವೂ

ತನ್ನ ಮೇಲೆ ಕೋಪಗೊಂಡವನ ಮೇಲೆ ಮರುಕೋಪ ತಾಳುವುದರಿಂದ ಆಗುವುದೇನೆಂಬುದನ್ನು ಬಸವಣ್ಣನವರು ಒಂದು ವಚನದಲ್ಲಿ ವಿಚಾರಿಸಿರುವರು. ಅಂಥ ಕೋಪದಿಂದ ಕೆಡುವುದು ಎದುರಿಗಿದ್ದವನಲ್ಲ, ಕೋಪಿಸಿಕೊಂಡವನ ಅರಿವೇ ಎಂಬುದು ಅದರ ತಿರುಳು. ಇದನ್ನು ಕೇವಲ ಶೀಲದ ಬೋಧೆಯೆಂದು ತಿಳಿದು ಮುಂದೆ ಸಾಗುವವರುಂಟು. ಆದರೆ ಆಸ್ಪತ್ರೆಯ ದಾದಿಗೆ ಇದು ದಿನನಿತ್ಯದ ಕಾಯಕದ ಮಾತು. ಅವಳ ಅರಿವು ಕೆಟ್ಟರೆ ರೋಗಿಯ ಪ್ರಾಣಕ್ಕೇ ಸಂಚಕಾರ ಬರಬಹುದು.

ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಧುಮೇಹಿಯೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಗಲೆಲ್ಲ ಸೌಮ್ಯನಾಗಿದ್ದವನು ನಡುರಾತ್ರಿಯಲ್ಲಿ ಹಠಾತ್ತನೆ ಕೂಗಾಡುವನು, ಬೈಯುವನು, ಹಿಡಿಯಬಂದ ಕೈಯನ್ನು ತಳ್ಳುವನು. ಬೈಗುಳವನ್ನು ಮಾತ್ರ ಕೇಳಿಸಿಕೊಂಡ ದಾದಿಗೆ ಅವನು ದುರಹಂಕಾರಿಯಾಗಿ ತೋರುವನು. ಅರಿವನ್ನು ಉಳಿಸಿಕೊಂಡವಳಿಗೆ ಅವನ ಹಣೆಯ ಬೆವರೂ ಬೆರಳುಗಳ ನಡುಕವೂ ಕಾಣುವುವು. ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿದಾಗ ಸಕ್ಕರೆಯ ಅಂಶ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಬಹಳ ಕೆಳಗಿಳಿದಿರುವುದು ತಿಳಿಯುತ್ತದೆ. ನುಂಗಬಲ್ಲವನಾದರೆ 15 ಗ್ರಾಂ ಗ್ಲೂಕೋಸನ್ನು ಕುಡಿಸಿ, 15 ನಿಮಿಷಗಳ ತರುವಾಯ ಮತ್ತೆ ಪರೀಕ್ಷಿಸುವರು. ನುಂಗಲಾರದವನಿಗೆ ರಕ್ತನಾಳದ ಮೂಲಕ ಕೊಡುವರು. ಸ್ವಲ್ಪ ಹೊತ್ತಿನಲ್ಲಿಯೇ ಆ ಮನುಷ್ಯನು, ತಾನಾಡಿದ ಮಾತಿನ ನೆನಪೂ ಇಲ್ಲದೆ, ಮೆಲ್ಲನೆ ನೀರು ಕೇಳಬಹುದು. ಇಲ್ಲಿ ಮುನಿದುದು ರೋಗವೇ ಹೊರತು ರೋಗಿಯಲ್ಲ. ವೃದ್ಧರಲ್ಲಿ ಸೋಂಕು, ಮೂತ್ರಕಟ್ಟು, ಆಮ್ಲಜನಕದ ಕೊರತೆ ಇವೂ ಭ್ರಮೆಯನ್ನು ಹುಟ್ಟಿಸಿ ಕೈಮಾಡಿಸುವುವು. ಬಹುಕಾಲದ ಕುಡಿತ ಒಮ್ಮೆಗೇ ನಿಂತ ಎರಡು ಮೂರು ದಿನಗಳಲ್ಲಿ ಕಾಣುವ ರೌದ್ರವೂ ಇದೇ ಜಾತಿಯದು.

ಕೋಪವೆಲ್ಲ ಇಂಥದೇ ಎಂದಲ್ಲ. ನೋವು, ಭಯ, ಗಂಟೆಗಟ್ಟಲೆ ಕಾದ ಬೇಸರ, ಏನಾಗುತ್ತಿದೆಯೆಂದು ಯಾರೂ ತಿಳಿಸದ ಕಳವಳ ಇವೂ ಕೋಪದ ವೇಷ ತಳೆಯುವುವು. ನುರಿತ ದಾದಿಯು ಆಗ ಎರಡು ತೋಳಿನಷ್ಟು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿ, ಕೈಗಳು ಕಾಣುವಂತೆ ನಿಲ್ಲುವಳು; ಬಾಗಿಲಿನ ದಾರಿಯನ್ನು ತನಗೂ ಅವನಿಗೂ ತೆರೆದಿಡುವಳು. ದನಿ ತಗ್ಗಿಸಿ, ಚಿಕ್ಕ ಮಾತುಗಳಲ್ಲಿ, ಒಬ್ಬಳೇ ಮಾತನಾಡುವಳು. ನಾಲ್ವರು ಒಟ್ಟಿಗೆ ಸಮಾಧಾನ ಹೇಳಹೊರಟರೆ ಉರಿ ಹೆಚ್ಚುವುದು. “ಸುಮ್ಮನಿರಿ” ಎಂಬ ಅಪ್ಪಣೆಗಿಂತ “ಬಹಳ ನೋವಿದೆಯೇ ಯಜಮಾನರೇ, ಎಲ್ಲಿ ಹೇಳಿ” ಎಂಬ ಪ್ರಶ್ನೆ ಫಲಕಾರಿ. ಸುಳ್ಳು ಭರವಸೆಯನ್ನಂತೂ ಕೊಡಬಾರದು. ವೈದ್ಯರು ಐದು ನಿಮಿಷದಲ್ಲಿ ಬರುವರೆಂದು ಹೇಳಿ ಒಂದು ಗಂಟೆ ಕಳೆದರೆ ಏಳುವ ಎರಡನೆಯ ಕೋಪ ಮೊದಲಿನದಕ್ಕಿಂತ ದೊಡ್ಡದು, ನ್ಯಾಯವಾದುದೂ ಹೌದು.

ಮರುಮುನಿಸು ಸಲ್ಲದೆಂದರೆ ಪೆಟ್ಟು ತಿನ್ನಬೇಕೆಂದು ಅರ್ಥವಲ್ಲ. ಕೈಯೆತ್ತಿದವನೆದುರು ಹಿಂದೆ ಸರಿದು ನೆರವು ಕರೆಯುವುದೂ, ನಡೆದುದನ್ನು ದಾಖಲೆಯಲ್ಲಿ ಬರೆದಿಡುವುದೂ ಆ ಕಾಯಕದ ಅಂಗಗಳೇ. ವೈದ್ಯರು ದಾದಿಯರು ಮೊದಲಾದವರ ಮೇಲೆ ಹಲ್ಲೆ ಮಾಡುವವರನ್ನು ಶಿಕ್ಷಿಸಲು ಕರ್ನಾಟಕವು 2009ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಅಂಥ ಕಾಯಿದೆ ಬೇಕಾದುದು ಭ್ರಮೆಗೊಂಡ ರೋಗಿಗಾಗಿ ಅಲ್ಲ, ಮಂಚದ ಬಳಿ ಗುಂಪುಗೂಡುವ ಆರೋಗ್ಯವಂತ ಬಂಧುಗಳಿಗಾಗಿ. ಲಿಂಗಧಾರಿಯಾದ ಗೃಹಸ್ಥನು ತಾನೂ ಎಂದಾದರೂ ಆ ಗುಂಪಿನಲ್ಲಿ ನಿಂತಿದ್ದುಂಟೇ ಎಂದು ವಿಚಾರಿಸಿಕೊಳ್ಳಬಹುದು. ರೋಗಿಯ ಸ್ವಭಾವವನ್ನು ಬಲ್ಲವರು ಮನೆಯವರೇ. “ಸಿಸ್ಟರ್, ನಮ್ಮ ತಂದೆಯವರು ಎಂದೂ ಹೀಗೆ ಮಾತನಾಡಿದವರಲ್ಲ, ಸಂಜೆಯಿಂದ ಊಟವನ್ನೂ ಮಾಡಿಲ್ಲ” ಎಂಬ ಒಂದು ಮಾತು ದಾದಿಗೆ ರೋಗದ ಸುಳಿವನ್ನೇ ಕೊಡುವುದು, ಬಂಧುಗಳ ಕೂಗಾಟದಲ್ಲಿ ಅದು ಯಾರ ಬಾಯಿಂದಲೂ ಬಾರದೆ ಉಳಿಯುವುದು.