ಕಸ ಕೊಡುವ ಮೊದಲು ಕೇಳಿ

ಮನೆಗೆ ಸುಣ್ಣಬಣ್ಣ ಆಯಿತು. ಹರಿದ ಹಾಸಿಗೆ, ಒಡೆದ ಬಕೆಟು, ಹಳೇ ಚಪ್ಪಲಿ ಅಂಗಳದಲ್ಲಿ ರಾಶಿ ಬಿದ್ದಿವೆ. ಗಾಡಿಯವನೊಬ್ಬ ಬಂದು, "200 ರೂಪಾಯಿ ಕೊಡಿ ಅಕ್ಕಾ, ಎಲ್ಲಾ ಕೊಂಡುಹೋಗ್ತೇನೆ" ಅನ್ನುತ್ತಾನೆ. ಕೂಡಲೇ ಕೊಡಬೇಡಿ. ಕೇಳಿ: "ಎಲ್ಲಿಗೆ ಕೊಂಡುಹೋಗ್ತೀಯಪ್ಪಾ? ಪಂಚಾಯತಿನ ಅನುಮತಿ ಉಂಟಾ? ರಶೀದಿ ಕೊಡ್ತೀಯಾ?"

ಸರಿಯಾದ ಉತ್ತರ ಸಿಗದಿದ್ದರೆ ಆ ಕಸ ಹೊಳೆಬದಿಗೋ ಗುಡ್ಡಕ್ಕೋ ಬೀಳುತ್ತದೆ. ರಾಶಿಯಲ್ಲಿ ನಿಮ್ಮ ಕರೆಂಟು ಬಿಲ್ಲು ಸಿಕ್ಕಿದರೆ ದಂಡದ ನೋಟೀಸು ನಿಮ್ಮ ಮನೆಗೇ ಬರಬಹುದು. ಗಾಡಿಯವನ ಹೆಸರು ಕೂಡ ನಿಮಗೆ ಗೊತ್ತಿರುವುದಿಲ್ಲ! ಹಾಗೆಂದು ಸುಡಲೂ ಬೇಡಿ. ಪ್ಲಾಸ್ಟಿಕ್ ಸುಟ್ಟರೂ ದಂಡ ಉಂಟು.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಕೆಲಸಕ್ಕೆ ಹರಿತ ಕರ್ಮಸೇನೆ ಇದೆ. ಸೇನೆ ಎಂದರೆ ಬಂದೂಕಿನವರಲ್ಲ, ಕುಟುಂಬಶ್ರೀಯ ನಮ್ಮ ಅಕ್ಕತಂಗಿಯರೇ. ಪಂಚಾಯತಿನಲ್ಲಿ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ. ಪ್ಲಾಸ್ಟಿಕ್ ತೊಳೆದು, ಒಣಗಿಸಿ ಕೊಡಿ. ಚಪ್ಪಲಿ, ಬಟ್ಟೆ, ಗಾಜು ಯಾವ ತಿಂಗಳು ತೆಗೆದುಕೊಳ್ಳುತ್ತಾರೆ ಎಂದು ಅವರಲ್ಲೇ ಕೇಳಿ. ಹಾಸಿಗೆಯಂಥ ದೊಡ್ಡ ಸಾಮಾನು ಯಾರಿಗೆ ಕೊಡಬೇಕೆಂದು ಪಂಚಾಯತು ಕಚೇರಿಯಲ್ಲಿ ವಿಚಾರಿಸಿ.

ರಶೀದಿ ಮಲಯಾಳದಲ್ಲಿದ್ದರೆ ಹೆದರಬೇಡಿ. ತಾರೀಕು, ಮೊತ್ತ ಅಂಕೆಯಲ್ಲಿರುತ್ತವೆ. ಅಂಕೆ ನಿಮಗೆ ಬರುತ್ತದೆ. ಕೊಟ್ಟ ಹಣವೂ ಬರೆದ ಹಣವೂ ಒಂದೇಯಾ ನೋಡಿ, ರಶೀದಿ ತೆಗೆದಿಡಿ.