ಪಿಕಪ್ ಕೊಳ್ಳುವ ಮುನ್ನ: ಒಳಗೆ ಕುಳಿತು ಪರೀಕ್ಷಿಸುವ ಕ್ರಮ

ಗೊಬ್ಬರದ ಚೀಲ, ಸ್ಪ್ರಿಂಕ್ಲರ್ ಪೈಪು, ಕಾಫಿಯ ಮೂಟೆಗಳನ್ನು ಹೊರುವುದಕ್ಕೆ ಒಂದು ಗಾಡಿಯೂ, ಮದುವೆ ಮುಂಜಿಗೋ ಆಸ್ಪತ್ರೆಗೋ ಮನೆಮಂದಿಯೆಲ್ಲ ಹೊರಡುವುದಕ್ಕೆ ಪ್ರತ್ಯೇಕವಾಗಿ ಒಂದು ಕಾರೂ ಬೇಕೆಂಬುದು ಮಲೆನಾಡಿನ ತೋಟದ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ವ್ಯವಸ್ಥೆ. ಈ ಎರಡು ಕಾರ್ಯಗಳನ್ನೂ ಒಂದೇ ವಾಹನದಿಂದ ಸಾಧಿಸಿಕೊಳ್ಳಬೇಕೆಂಬ ಅಭಿಲಾಷೆಯುಳ್ಳವರ ದೃಷ್ಟಿಯು ಈಚಿನ ವರ್ಷಗಳಲ್ಲಿ, ನಾಲ್ಕು ಬಾಗಿಲು, ಐದು ಆಸನ ಮತ್ತು ಹಿಂದೆ ತೆರೆದ ಸರಕಿನ ಟ್ರೇ ಇರುವ ಮಧ್ಯಮ ಗಾತ್ರದ ಪಿಕಪ್‌ಗಳ ಕಡೆಗೆ ಹರಿದಿದೆ. ನಮ್ಮ ದೇಶದಲ್ಲಿ 2016ರಲ್ಲಿ ಇಸುಜು ಕಂಪನಿಯ ವಿ-ಕ್ರಾಸ್ ಮಾರಾಟಕ್ಕೆ ಬಂದಿತು; 1968ರಿಂದ ಜಗತ್ತಿನ ನಾನಾ ಖಂಡಗಳಲ್ಲಿ ದುಡಿಯುತ್ತಿರುವ ಟೊಯೊಟಾದ ಹೈಲಕ್ಸ್ 2022ರಲ್ಲಿ ಕಾಲಿರಿಸಿತು. ಇವುಗಳಲ್ಲಿ ಹೈಲಕ್ಸ್ ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ ಸಿದ್ಧವಾಗುತ್ತದೆ.

ಇಂಥ ವಾಹನವನ್ನು ಕೊಳ್ಳಹೊರಟವನು ಸಾಮಾನ್ಯವಾಗಿ ಷೋರೂಮಿನಲ್ಲಿ ಕೈಗೆ ಬರುವ ವೈಶಿಷ್ಟ್ಯಗಳ ಪಟ್ಟಿಯನ್ನು ಓದಿ, ಚಾಲಕನ ಆಸನದಲ್ಲಿ ಐದು ನಿಮಿಷ ಕುಳಿತು, ಪರದೆಯನ್ನು ಮುಟ್ಟಿ ನೋಡಿ, ತೃಪ್ತನಾಗಿ ಎದ್ದುಬಿಡುತ್ತಾನೆ. ಪಿಕಪ್‌ನ ಮಟ್ಟಿಗೆ ಈ ಪರೀಕ್ಷೆ ಏನೇನೂ ಸಾಲದು. ಏಕೆಂದರೆ ಇದರ ಸುಖವನ್ನಾಗಲಿ ಕ್ಲೇಶವನ್ನಾಗಲಿ ನಿರ್ಣಯಿಸತಕ್ಕವು ಎರಡು ಸ್ಥಾನಗಳು. ಒಂದು ಹಿಂದಿನ ಸಾಲಿನ ಬೆನ್ನೊರಗು, ಇನ್ನೊಂದು ಹಿಂದಿನ ಅಚ್ಚಿನ ಮೇಲಿರುವ ಸ್ಪ್ರಿಂಗು. ಇವೆರಡೂ ಪಟ್ಟಿಯಲ್ಲಿ ಕಾಣಸಿಗುವುದಿಲ್ಲ, ಕುಳಿತೇ ತಿಳಿಯಬೇಕು. ಆದಕಾರಣ ಇಲ್ಲಿ ಹೇಳುವ ಕ್ರಮವು ಮುಂದಿನ ಆಸನದಿಂದಲ್ಲ, ಹಿಂದಿನ ಆಸನದಿಂದ ಪ್ರಾರಂಭವಾಗುತ್ತದೆ.

ಮೊದಲು ಮನೆಯಲ್ಲಿ ಹಿರಿಯರಾದವರನ್ನು, ಅಜ್ಜಿಯಿದ್ದರೆ ಅಜ್ಜಿಯನ್ನೇ, ಷೋರೂಮಿಗೆ ಕರೆದುಕೊಂಡು ಹೋಗಿ ಹಿಂದಿನ ಬಾಗಿಲಿನಿಂದ ಹತ್ತಿಸಿರಿ. ಪಿಕಪ್‌ನ ನೆಲ ಕಾರಿನದಕ್ಕಿಂತ ಬಹಳ ಎತ್ತರ. ಬಾಗಿಲಿನ ಕೆಳಗೆ ಪಾದವಿಡುವ ಮೆಟ್ಟಿಲುಪಟ್ಟಿ ಇದೆಯೇ, ಅದರ ಅಗಲದಲ್ಲಿ ಇಡಿಯ ಪಾದ ಊರುವುದೇ ಅಥವಾ ಬೆರಳತುದಿ ಮಾತ್ರವೇ, ಮಳೆಗಾಲದ ಕೆಸರಿನ ಚಪ್ಪಲಿ ಅದರ ಮೇಲೆ ಜಾರದಂತೆ ಒರಟು ಹಿಡಿತವುಂಟೇ, ಬಾಗಿಲಿನ ನಡುಗಂಬದಲ್ಲಿ ಕೈ ಹಿಡಿಯಲು ಹಿಡಿಕೆಯಿದೆಯೇ ಎಂಬುದನ್ನು ನೋಡಿರಿ. ಹತ್ತುವುದಕ್ಕಿಂತಲೂ ಇಳಿಯುವುದು ಕಷ್ಟ. ಆದ್ದರಿಂದ ಇಳಿಸಿಯೂ ನೋಡತಕ್ಕದ್ದು. ಮೊಣಕಾಲು ನೋವಿರುವವರು ಇಲ್ಲಿಯೇ ತಮ್ಮ ತೀರ್ಪನ್ನು ಹೇಳಿಬಿಡುವರು, ಮತ್ತು ಆ ತೀರ್ಪನ್ನು ಮಾರಾಟಗಾರನ ಯಾವ ಸಮಾಧಾನದ ಮಾತಿಗೂ ಬಿಟ್ಟುಕೊಡಬಾರದು.

ಅನಂತರ ಹಿಂದಿನ ಸಾಲಿನಲ್ಲಿ ನೀವೇ ಕುಳಿತುಕೊಳ್ಳಿರಿ. ಹೈಲಕ್ಸ್‌ನ ಒಟ್ಟು ಉದ್ದ 5,325 ಮಿಲಿಮೀಟರ್. ಇಷ್ಟು ದೀರ್ಘವಾದ ವಾಹನದಲ್ಲಿ ಹಿಂದೆ ಕುಳಿತವರಿಗೆ ಕಾಲು ಚಾಚುವಷ್ಟು ಸ್ಥಳವಿರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ಆ ಉದ್ದದ ದೊಡ್ಡ ಪಾಲು ಸರಕಿನ ಟ್ರೇಗೆ ಮೀಸಲಾಗಿದ್ದು, ಕ್ಯಾಬಿನ್ನಿನ ಹಿಂಗೋಡೆಯು ಹಿಂದಿನ ಆಸನದ ಬೆನ್ನಿಗೇ ಬಂದು ನಿಂತಿರುವುದರಿಂದ, ಬೆನ್ನೊರಗನ್ನು ಹಿಂದಕ್ಕೆ ವಾಲಿಸಲು ಅವಕಾಶವೇ ಉಳಿದಿರುವುದಿಲ್ಲ. ಇದು ಯಾವೊಂದು ಕಂಪನಿಯ ದೋಷವೂ ಅಲ್ಲ; ಎರಡು ಸಾಲಿನ ಪಿಕಪ್‌ಗಳೆಲ್ಲಕ್ಕೂ ಅವುಗಳ ರಚನೆಯಿಂದಲೇ ಒದಗಿದ ಸಂಕಟ. ಒಂದರಲ್ಲಿ ಒರಗು ಹೆಚ್ಚು ನೆಟ್ಟಗೆ, ಮತ್ತೊಂದರಲ್ಲಿ ಒಂದಿಷ್ಟು ವಾಲಿಕೆ ಎಂಬ ವ್ಯತ್ಯಾಸ ಮಾತ್ರ ಉಂಟು. ಆ ಒಂದಿಷ್ಟೇ ಸಕಲೇಶಪುರದಿಂದ ಬೆಂಗಳೂರಿನವರೆಗಿನ ಪ್ರಯಾಣದಲ್ಲಿ ಸೊಂಟಕ್ಕೆ ಮಹತ್ತರವಾದುದು. ಆದುದರಿಂದ ಎರಡು ನಿಮಿಷ ಕುಳಿತು ಎದ್ದರೆ ಪ್ರಯೋಜನವಿಲ್ಲ; ಕನಿಷ್ಠಪಕ್ಷ ಕಾಲು ಗಂಟೆಯಾದರೂ, ಮುಂದಿನ ಆಸನವನ್ನು ನಿಮ್ಮ ಮನೆಯ ಚಾಲಕನ ಎತ್ತರಕ್ಕೆ ಸರಿಯಾಗಿ ಹಿಂದೆ ಸರಿಸಿಕೊಂಡು, ಕುಳಿತು ಮಾತನಾಡುತ್ತಿರಬೇಕು. ತೊಡೆಯ ಕೆಳಭಾಗ ಆಸನಕ್ಕೆ ತಾಗಿದೆಯೇ, ಅಥವಾ ನೆಲ ಎತ್ತರವಾಗಿದ್ದು ಮೊಣಕಾಲುಗಳು ಎದೆಯ ಕಡೆಗೆ ಎದ್ದಿವೆಯೇ? ಪಾದಗಳು ಮುಂದಿನ ಆಸನದ ಅಡಿಗೆ ನುಗ್ಗುವುವೇ? ಮಧ್ಯದಲ್ಲಿ ಕುಳಿತವರಿಗೆ ಮೂರು ಬಿಂದುಗಳ ಸೀಟ್ ಬೆಲ್ಟೂ ತಲೆಯೊರಗೂ ಇವೆಯೇ? ಮಕ್ಕಳ ಆಸನವನ್ನು ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಬೆರಳಿಗೆ ಸಿಗುವುವೇ? ಚಿಕ್ಕ ಮಕ್ಕಳಿರುವ ಮನೆಯವರು ಇದೊಂದನ್ನು ಎಂದೂ ಮರೆಯಬಾರದು. ಏರ್‌ಬ್ಯಾಗ್ ಇರುವ ಮುಂದಿನ ಆಸನದಲ್ಲಿ, ಹಿಮ್ಮುಖವಾಗಿ ಕೂರಿಸುವ ಶಿಶುವಿನ ಆಸನವನ್ನು ಇಡುವುದು ಪ್ರಾಣಾಪಾಯಕ್ಕೆ ಎಡೆಗೊಡುವುದಾದ್ದರಿಂದ, ಮಗುವಿನ ಸ್ಥಾನ ಹಿಂದಿನ ಸಾಲೇ ಹೊರತು ಬೇರೆ ಅಲ್ಲ.

ಈಗ ಚಾಲಕನ ಆಸನಕ್ಕೆ ಬರೋಣ. ಹೈಲಕ್ಸ್‌ನ ಮೇಲ್ದರ್ಜೆಯ ಮಾದರಿಯಲ್ಲಿ ಈ ಆಸನವನ್ನು ವಿದ್ಯುತ್ತಿನಿಂದ ಎಂಟು ಬಗೆಯಾಗಿ ಸರಿಸಬಹುದು. ಸ್ಟಿಯರಿಂಗ್ ಚಕ್ರವನ್ನು ಮೇಲೆ ಕೆಳಗೆ ಮಾತ್ರವಲ್ಲದೆ ಹಿಂದೆ ಮುಂದೆಯೂ ಹೊಂದಿಸಬಹುದು. ಇಷ್ಟೆಲ್ಲ ಸೌಕರ್ಯವಿದ್ದರೂ ಬಹುಮಂದಿ ತಮಗೆ ಸಿಕ್ಕ ಭಂಗಿಯಲ್ಲಿಯೇ ಕುಳಿತು, ಆಮೇಲೆ ಬೆನ್ನುನೋವಿಗೆ ವಾಹನವನ್ನು ದೂರುವುದನ್ನು ಕಾಣುತ್ತೇವೆ. ಹೊಂದಿಸುವ ಕ್ರಮ ಹೀಗೆ: ಬೆನ್ನನ್ನು ಒರಗಿನ ಮೂಲೆಗೆ ಪೂರ್ತಿಯಾಗಿ ಒತ್ತಿ ಕುಳಿತು, ಕ್ಲಚ್ಚನ್ನು, ಆಟೊಮ್ಯಾಟಿಕ್ ಆದರೆ ಬ್ರೇಕನ್ನು, ಕೊನೆಯವರೆಗೆ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಂತೆ ಆಸನವನ್ನು ಮುಂದಕ್ಕೆ ತನ್ನಿರಿ. ಬಳಿಕ ಎತ್ತರವನ್ನು ಸರಿಪಡಿಸಿರಿ. ಪಿಕಪ್‌ನ ಬಾನೆಟ್ಟು ಎತ್ತರವೂ ಉದ್ದವೂ ಆಗಿರುವುದರಿಂದ, ಘಾಟಿಯ ತಿರುವಿನ ಏರಿನಲ್ಲಿ ಮುಂದಿನ ರಸ್ತೆಯೇ ಕಣ್ಮರೆಯಾಗುವ ಸಂದರ್ಭಗಳುಂಟು, ಆದ್ದರಿಂದ ತಲೆ ಚಾವಣಿಗೆ ತಾಗದಷ್ಟು ಮಟ್ಟಿಗೆ ಎತ್ತರದಲ್ಲಿ ಕೂರುವುದು ಲೇಸು. ಮೂರನೆಯದಾಗಿ, ಬೆನ್ನನ್ನು ಒರಗಿನಿಂದ ಎತ್ತದೆ ತೋಳನ್ನು ಚಾಚಿದರೆ ಮಣಿಕಟ್ಟು ಚಕ್ರದ ಮೇಲಂಚಿನ ಮೇಲೆ ಕೂರುವಂತೆ ಒರಗನ್ನೂ ಚಕ್ರವನ್ನೂ ಹೊಂದಿಸಬೇಕು. ಎದೆಯೆಲುಬಿಗೂ ಚಕ್ರದ ನಡುವಿಗೂ ಸುಮಾರು 25 ಸೆಂಟಿಮೀಟರ್ ಅಂತರವನ್ನು ಬಿಡುವುದು ಏರ್‌ಬ್ಯಾಗ್‌ನ ದೃಷ್ಟಿಯಿಂದ ಅವಶ್ಯಕ. ತಲೆಯೊರಗಿನ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಲಿ. ಕನ್ನಡಿಗಳಿಗೆ ಕೈಹಾಕುವುದು ಇಷ್ಟೆಲ್ಲ ಆದ ಮೇಲೆಯೇ.

ಸವಾರಿಯ ಸುಖದ ಮಾತು ಸ್ವಲ್ಪ ವಿಸ್ತಾರವನ್ನು ಬೇಡುತ್ತದೆ. ಹೈಲಕ್ಸೂ ಟೊಯೊಟಾದ್ದೇ ಆದ ಫಾರ್ಚುನರ್ ಎಂಬ ಎಸ್‌ಯುವಿಯೂ ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ನಿಂತ ಒಂದೇ ಕುಟುಂಬದ ವಾಹನಗಳು. ಆದರೆ ಫಾರ್ಚುನರಿನ ಹಿಂದಿನ ಅಚ್ಚಿಗೆ ಕಾಯಿಲ್ ಸ್ಪ್ರಿಂಗನ್ನು ಅಳವಡಿಸಿದ್ದರೆ, ಹೈಲಕ್ಸ್‌ಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗನ್ನು ಕೊಟ್ಟಿದ್ದಾರೆ. ಭಾರವನ್ನು ಹೊರುವುದೇ ಈ ಪಟ್ಟಿಗಳ ಕರ್ತವ್ಯವಾದುದರಿಂದ ಅವನ್ನು ಬಿಗಿಯಾಗಿ ರೂಪಿಸಿರುತ್ತಾರೆ. ಟ್ರೇ ಬರಿದಾಗಿದ್ದಾಗ ಅವು ಬಗ್ಗುವುದು ಅಲ್ಪ, ಹಾಗಾಗಿ ರಸ್ತೆಯ ಪ್ರತಿಯೊಂದು ಗುಂಡಿಯ ಪೆಟ್ಟೂ ಹಿಂದೆ ಕುಳಿತವರ ಬೆನ್ನಿಗೇ ಸಲ್ಲುತ್ತದೆ. ನಾಲ್ಕೈದು ಚೀಲ ಗೊಬ್ಬರ ಟ್ರೇಗೆ ಬಿದ್ದೊಡನೆ ಅದೇ ವಾಹನ ಅದೇ ರಸ್ತೆಯಲ್ಲಿ ಗಣನೀಯವಾಗಿ ಮೃದುವಾಗುವುದನ್ನು ಅನುಭವಿಗಳೆಲ್ಲ ಬಲ್ಲರು. ಪರೀಕ್ಷಾ ಚಾಲನೆಗೆ ಹೋಗುವಾಗ ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು, ಖಾಲಿ ಟ್ರೇಯ ಗಾಡಿಯನ್ನು ಷೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಓಡಿಸಿ ಹಿಂದಿರುಗದೆ, ಕಿತ್ತುಹೋದ ರಸ್ತೆಯೊಂದನ್ನು ನೀವೇ ಆರಿಸಿರಿ. ಚಕ್ರವನ್ನು ಬೇರೆಯವರ ಕೈಗೆ ಕೊಟ್ಟು ಅರ್ಧ ದೂರವನ್ನು ಹಿಂದಿನ ಸಾಲಿನಲ್ಲಿ ಕುಳಿತೇ ಕ್ರಮಿಸಿರಿ. ಸಾಧ್ಯವಾದರೆ ಅನುಮತಿ ಪಡೆದು, 50 ಕಿಲೋಗ್ರಾಮಿನ ಕೆಲವು ಚೀಲಗಳನ್ನು ಟ್ರೇಗೆ ಹಾಕಿ, ಅದೇ ರಸ್ತೆಯನ್ನು ಮತ್ತೊಮ್ಮೆ ನೋಡತಕ್ಕದ್ದು. ಗಾಳಿಯ ಒತ್ತಡವನ್ನೂ ಹೊರಡುವ ಮುನ್ನ ವಿಚಾರಿಸಿರಿ. ಖಾಲಿಗೂ ಪೂರ್ಣಭಾರಕ್ಕೂ ಬೇರೆ ಬೇರೆ ಒತ್ತಡವನ್ನು ಸೂಚಿಸಿದ್ದರೆ, ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಅದು ಮುದ್ರಿತವಾಗಿರುತ್ತದೆ. ಭಾರದ ಲೆಕ್ಕಕ್ಕೆ ತುಂಬಿದ ಗಾಳಿಯಲ್ಲಿ ಖಾಲಿ ಗಾಡಿಯನ್ನು ಓಡಿಸಿದರೆ ಕುಲುಕಾಟ ಇಮ್ಮಡಿಸುವುದು ಸಹಜವೇ.

ಟಯರಿನ ಅಳತೆಯೂ ಇಲ್ಲಿ ಗಮನಾರ್ಹ. ಹೈಲಕ್ಸ್‌ನ ಆರಂಭಿಕ ಮಾದರಿಗೆ 265/65 ಆರ್ 17 ಅಳತೆಯ ಟಯರನ್ನೂ ಮೇಲ್ದರ್ಜೆಯದಕ್ಕೆ 265/60 ಆರ್ 18 ಅಳತೆಯದನ್ನೂ ಕೊಡುತ್ತಾರೆ. ಎರಡನೆಯ ಸಂಖ್ಯೆಯು ಟಯರಿನ ಪಕ್ಕದ ಗೋಡೆಯ ಎತ್ತರವನ್ನು ಅಗಲದ ಶೇಕಡಾಂಶವಾಗಿ ಹೇಳುವುದರಿಂದ, ಲೆಕ್ಕ ಹಾಕಿದರೆ ಮೊದಲನೆಯದರ ಗೋಡೆ ಸುಮಾರು 172 ಮಿಲಿಮೀಟರ್, ಎರಡನೆಯದರದು 159. ಕಲ್ಲುಗಾಡು ದಾರಿಯಲ್ಲಿ ಪೆಟ್ಟನ್ನು ನುಂಗುವ ರಬ್ಬರು ಹೆಚ್ಚಿರುವುದು ಕಡಿಮೆ ಬೆಲೆಯ ಮಾದರಿಯಲ್ಲಿಯೇ. ದಿನವೂ ತೋಟದ ದಾರಿಯಲ್ಲಿ ಓಡಾಡುವವನಿಗೆ ದೊಡ್ಡ ರಿಮ್ಮಿನ ಅಂದಕ್ಕಿಂತ ಇದು ಹೆಚ್ಚು ಬೆಲೆಬಾಳುತ್ತದೆಂಬುದು ನನ್ನ ಅಭಿಪ್ರಾಯ.

ಎಸಿಯ ವಿಚಾರದಲ್ಲಿ ಎರಡು ಬದಿಗೆ ಎರಡು ಉಷ್ಣಾಂಶವೇ ಮೊದಲಾದ ಸೌಕರ್ಯಗಳು ಸಂತೋಷದವೇ. ಆದರೆ ಹಿಂದಿನ ಸಾಲಿಗೆ ಪ್ರತ್ಯೇಕ ಗಾಳಿಕಿಂಡಿ ಇದೆಯೇ, ಅದರ ಗಾಳಿ ಮುಖಕ್ಕೆ ಬರುವುದೇ ಅಥವಾ ಮೊಣಕಾಲಿಗೆ ಮಾತ್ರವೇ ಎಂಬುದು ಅದಕ್ಕಿಂತ ಮುಖ್ಯ. ಇನ್ನು ಮಲೆನಾಡಿನಲ್ಲಿ ಎಸಿಯ ನಿಜವಾದ ಪರೀಕ್ಷೆ ಬೇಸಗೆಯದಲ್ಲ, ಆಷಾಢದ್ದು. ನೆಂದ ಬಟ್ಟೆಯ ಐವರು ಬಾಗಿಲು ಮುಚ್ಚಿ ಕುಳಿತರೆ ಅವರ ಉಸಿರಿನ ಮತ್ತು ಬಟ್ಟೆಯ ತೇವವೆಲ್ಲ ತಣ್ಣನೆಯ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಆಗ ಬಹುಮಂದಿ ಚಳಿಯೆಂದು ಎಸಿಯನ್ನು ಆರಿಸಿ, ಬಟ್ಟೆಯಿಂದ ಗಾಜನ್ನು ಒರೆಸುತ್ತ ಶಿರಾಡಿ ಘಾಟಿಯನ್ನು ಇಳಿಯುತ್ತಾರೆ. ಇದು ಅಪಾಯಕರ. ಮಾಡಬೇಕಾದುದೇನೆಂದರೆ, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಯನ್ನು ಆರಿಸಿ ಹೊರಗಾಳಿಗೆ ದಾರಿ ಬಿಟ್ಟು, ಎಸಿಯನ್ನು ಚಾಲೂ ಇಟ್ಟೇ ಉಷ್ಣಾಂಶವನ್ನು ಏರಿಸಿ, ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಬೇಕು. ಎಸಿ ಗಾಳಿಯ ತೇವವನ್ನು ಹೀರುತ್ತದೆ, ಬಿಸಿ ಗಾಜನ್ನು ಬೆಚ್ಚಗಿಡುತ್ತದೆ, ಮಂಜು ಅಲ್ಪಕಾಲದಲ್ಲಿಯೇ ಹರಿಯುತ್ತದೆ. ಷೋರೂಮಿನಲ್ಲಿ ಈ ಗುಂಡಿಗಳನ್ನು ಕಣ್ಣು ರಸ್ತೆಯ ಮೇಲಿರುವಾಗಲೇ ಬೆರಳಿನಿಂದ ತಡವಿ ಗುರುತಿಸಬಹುದೇ ಎಂದು ನೋಡಿರಿ. ಒದ್ದೆ ಬೆರಳಿಗೆ ಸ್ಪರ್ಶದ ಪರದೆ ಸರಿಯಾಗಿ ಓಗೊಡುವುದಿಲ್ಲವಾದ್ದರಿಂದ, ಎಸಿಗೂ ಧ್ವನಿಯ ಏರಿಳಿತಕ್ಕೂ ನಿಜವಾದ ಗುಂಡಿಗಳಿರುವ ವಾಹನವೇ ನಮ್ಮ ಹವಾಮಾನಕ್ಕೆ ಯೋಗ್ಯ. ಬೇಸಗೆಗಾಗಿ ಗಾಜಿಗೆ ಕಪ್ಪು ಹಾಳೆ ಅಂಟಿಸಲು ಆತುರಪಡಬೇಡಿರಿ. ಮುಂದಿನ ಹಾಗೂ ಹಿಂದಿನ ಗಾಜುಗಳಲ್ಲಿ ಶೇ. 70, ಪಕ್ಕದ ಗಾಜುಗಳಲ್ಲಿ ಶೇ. 50ರಷ್ಟು ಬೆಳಕಾದರೂ ಹಾಯಬೇಕೆಂದು ಮೋಟಾರು ವಾಹನ ನಿಯಮವಿದೆ.

ಪರದೆ, ಸ್ಪೀಕರು, ಫೋನಿನ ಜೋಡಣೆಗಳ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ನಿಮ್ಮ ಫೋನನ್ನೇ ಜೋಡಿಸಿ ನೋಡಿ, ಸಂಕೇತ ಸಿಗದ ತೋಟದ ದಾರಿಗಳಿಗಾಗಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡರಾಯಿತು. ನಾಲ್ಕು ಚಕ್ರಗಳ ಚಾಲನೆಯ ಗುಂಡಿಯನ್ನು ಮಾತ್ರ ಖರೀದಿಯ ಮೊದಲೇ ಕಲಿತುಕೊಳ್ಳಿ. ಹೈಲಕ್ಸ್‌ನಲ್ಲಿ ಎರಡು ಚಕ್ರ, ನಾಲ್ಕು ಚಕ್ರ, ನಾಲ್ಕು ಚಕ್ರದ ನಿಧಾನಗತಿ ಎಂಬ ಮೂರು ಸ್ಥಾನಗಳುಳ್ಳ ತಿರುಗುಗುಂಡಿಯಿದ್ದು, ಕೊನೆಯದಕ್ಕೆ ಹೋಗುವಾಗ ವಾಹನವನ್ನು ನಿಲ್ಲಿಸಿ ನ್ಯೂಟ್ರಲ್ಲಿಗೆ ತರಬೇಕು.

ಸಾಮಾನು ಇಡುವ ಸ್ಥಳವನ್ನು ಲೆಕ್ಕ ಹಾಕುವಾಗ ಪಿಕಪ್‌ಗೆ ಡಿಕ್ಕಿ ಇಲ್ಲವೆಂಬುದನ್ನು ನೆನಪಿಡಿ. ಮಳೆಯಲ್ಲಿ ಮನೆಯವರ ಸೂಟ್‌ಕೇಸುಗಳು ತೆರೆದ ಟ್ರೇಯಲ್ಲಿ ನೆನೆಯುತ್ತವೆ. ಆದ್ದರಿಂದ ಟ್ರೇಗೆ ಬೀಗ ಹಾಕಬಹುದಾದ ಮುಚ್ಚಳದ ಬೆಲೆಯನ್ನೂ ವಾಹನದ ಬೆಲೆಯೊಡನೆಯೇ ಕೇಳಿಕೊಳ್ಳಬೇಕು. ಹಿಂದಿನ ಆಸನದ ಕೂರುಭಾಗವನ್ನು ಮೇಲೆತ್ತಿ, ಅದರ ಅಡಿಯಲ್ಲಿ ಎಷ್ಟು ಹಿಡಿಯುವುದೆಂದು ನೋಡಿರಿ. ಟ್ರೇಯಲ್ಲಿ ಕೂಲಿಯಾಳುಗಳನ್ನು ಕೂರಿಸಿ ಕರೆದೊಯ್ಯುವ ರೂಢಿ ಕೆಲವೆಡೆ ಇನ್ನೂ ಇದೆ. ಅಲ್ಲಿ ಬೆಲ್ಟೂ ಇಲ್ಲ, ಆಸರೆಯೂ ಇಲ್ಲ, ಕಾನೂನಿನ ಸಮ್ಮತಿಯೂ ಇಲ್ಲ. ದುಡಿಯಲು ಬರುವವರ ಜೀವಕ್ಕೆ ನಮ್ಮ ಮಕ್ಕಳ ಜೀವದಷ್ಟೇ ಬೆಲೆಯುಂಟಾದ್ದರಿಂದ, ಐವರಿಗಿಂತ ಹೆಚ್ಚು ಜನರಿದ್ದರೆ ಎರಡು ಸಲ ಹೋಗಿಬರುವುದೇ ಸರಿಯಾದ ದಾರಿ.

ವಾಹನ ಮನೆಗೆ ಬಂದ ಮೇಲೆ ಮೊದಲ ವಾರದಲ್ಲಿಯೇ ಸೀಟಿಗೆ ಕವರು ಹಾಕಿಸುವುದು ನಮ್ಮವರ ಪದ್ಧತಿ. ಆಗ ಮುಂದಿನ ಆಸನದ ಒರಗಿನ ಹೊರಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚಿಕ್ಕ ಪಟ್ಟಿಯನ್ನು ಹೊಲಿದಿದ್ದಾರೆಯೇ ಎಂದು ಪರೀಕ್ಷಿಸಿರಿ. ಹೊಲಿದಿದ್ದರೆ, ಪಕ್ಕದಿಂದ ಅಪಘಾತವಾದಾಗ ಚೀಲವು ಆ ಹೊಲಿಗೆಯನ್ನು ಸೀಳಿಕೊಂಡು ಹೊರಬರಬೇಕು. ದಪ್ಪನೆಯ ಕವರು ಅದನ್ನು ತಡೆಯುತ್ತದೆ. ಆ ಭಾಗವನ್ನು ತೆರೆದಿಟ್ಟ, ಆ ಮಾದರಿಗೆಂದೇ ಮಾಡಿದ ಕವರು ಸಿಗದಿದ್ದರೆ ಹಾಕಿಸದಿರುವುದೇ ಉತ್ತಮ. ನೆಲಕ್ಕೆ ಅಂಚು ಎದ್ದಿರುವ ರಬ್ಬರಿನ ಮ್ಯಾಟುಗಳಿರಲಿ, ಚಾಲಕನ ಬದಿಯಲ್ಲಿ ಒಂದರ ಮೇಲೊಂದು ಹಾಸದೆ ಒಂದನ್ನೇ ಕೊಂಡಿಗೆ ಸಿಕ್ಕಿಸಿಡಿರಿ. ಸರಿದ ಮ್ಯಾಟು ಆಕ್ಸಿಲರೇಟರಿನ ಅಡಿಗೆ ಸಿಕ್ಕಿಕೊಳ್ಳಬಹುದು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಮ್ಯಾಟನ್ನೆತ್ತಿ ಕೆಳಗಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಬೇಕು. ನೀರು ಅದರ ಸ್ಪಂಜಿಗೆ ಇಳಿದಿದ್ದರೆ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದು, ಮುಗ್ಗಲು ವಾಸನೆಯೂ ಕಾಲಕ್ರಮದಲ್ಲಿ ವೈರಿನ ಕೂಡುಗಳಿಗೆ ತುಕ್ಕೂ ಬರುತ್ತವೆ. ಎಸಿಯ ಗಾಳಿಯನ್ನು ಸೋಸುವ ಫಿಲ್ಟರು ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ತೋಟದ ದಾರಿಯ ಬೇಸಗೆಯ ಧೂಳೆಲ್ಲ ಅದರಲ್ಲಿ ಸೇರಿರುವುದರಿಂದ, ಸರ್ವಿಸಿನ ದಿನಕ್ಕಾಗಿ ಕಾಯದೆ, ಮುಂಗಾರು ಹಿಡಿಯುವ ಮುನ್ನ ಮೇ ತಿಂಗಳಲ್ಲಿಯೇ ಅದನ್ನು ತೆಗೆದು ನೋಡಿ, ಕಪ್ಪಾಗಿದ್ದರೆ ಹೊಸದನ್ನು ಹಾಕಿಸಿರಿ.