ಹಿಂಗಾರಿನ ವಾಯುಭಾರ ಕುಸಿತ ಮತ್ತು ಕೊಯ್ಲಿನ ಬೆಳೆ: ಮುನ್ಸೂಚನೆ ತಿಳಿದು ಮಾಡಬೇಕಾದ ಕೆಲಸಗಳು

ಮೈಸೂರು ಸೀಮೆಯಲ್ಲಿ ಮುಂಗಾರಿನಲ್ಲಿ ಬಿತ್ತಿದ ರಾಗಿ ಮತ್ತು ನಾಲಾ ಬಯಲಿನಲ್ಲಿ ನಾಟಿ ಮಾಡಿದ ಭತ್ತ ರೈತನ ಕೈಗೆ ಬರುವುದು ಸಾಮಾನ್ಯವಾಗಿ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದೂ ಇದೇ ಕಾಲದಲ್ಲಿ. ನಾಲ್ಕೈದು ತಿಂಗಳ ದುಡಿಮೆ, ಗೊಬ್ಬರದ ಸಾಲ, ದನಗಳ ವರ್ಷದ ಮೇವು ಎಲ್ಲವೂ ಹೊಲದಲ್ಲಿ ಇರುವಾಗ ಮೂರು ದಿನದ ಜಡಿಮಳೆ ಹಿಡಿದರೆ ಆಗುವ ನಷ್ಟ ಎಷ್ಟೆಂಬುದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ. 2021ರ ನವೆಂಬರಿನಲ್ಲಿ ಒಂದರ ಹಿಂದೆ ಒಂದರಂತೆ ಬಂದ ವಾಯುಭಾರ ಕುಸಿತಗಳಿಂದ ದಕ್ಷಿಣ ಒಳನಾಡಿನ ಅನೇಕ ಕಡೆ ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು, ಭತ್ತ ನೆಲಕ್ಕೊರಗಿತು. 2024ರಲ್ಲಿ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಅಲ್ಲಿ ಒಂದೇ ದಿನದಲ್ಲಿ 40 ಸೆಂ.ಮೀ.ಗೂ ಮೀರಿ ಮಳೆ ಸುರಿಸಿ, ಬಲ ಕುಗ್ಗಿದ ಮೇಲೆ ಪಶ್ಚಿಮಕ್ಕೆ ಸರಿದು, ಡಿಸೆಂಬರ್ ಮೊದಲ ದಿನಗಳಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಮಳೆ ತಂದಿತು. ಭತ್ತದ ಕೊಯ್ಲು ಆಗ ನಡೆದಿತ್ತು.

ಕುಂಬಾರಕೊಪ್ಪಲು ಇಂದು ಮೈಸೂರು ನಗರದೊಳಗೆ ಸೇರಿಹೋಗಿದೆ. ಹೆಸರೇ ಹೇಳುವಂತೆ ಅದು ಕುಂಬಾರರ ಕೊಪ್ಪಲು. ಹಸಿ ಮಡಕೆಯನ್ನು ಒಣಗಲಿಟ್ಟವನು ಆಕಾಶ ನೋಡದೆ ಮಲಗುವಂತಿಲ್ಲ. ಸುಡುವ ಮೊದಲು ಮಳೆ ತಗುಲಿದರೆ ಮಡಕೆ ಮತ್ತೆ ಮಣ್ಣೇ. ಕೊಯ್ದು ಹರಡಿದ ರಾಗಿಯ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಇಂಥ ಬಡಾವಣೆಯಲ್ಲಿ ಮನೆ ಇದ್ದು, ಕೃಷ್ಣರಾಜಸಾಗರ ರಸ್ತೆಯಲ್ಲಿ ಬೆಳಗೊಳದ ಕಡೆ ಒಂದೆರಡು ಎಕರೆ ಗದ್ದೆ, ಮತ್ತೊಂದು ಕಡೆ ಖುಷ್ಕಿ ಹೊಲ ಇರುವ ರೈತನೊಬ್ಬನನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಹೊಲ ಮನೆಯ ಹಿತ್ತಿಲಲ್ಲಿಲ್ಲ. ಆಳು ಬೆಳಿಗ್ಗೆ ಹೇಳಿದರೆ ಬೆಳಿಗ್ಗೆ ಸಿಗುವುದಿಲ್ಲ, ಕಟಾವು ಯಂತ್ರಕ್ಕೆ ಸರದಿ ಇರುತ್ತದೆ. ಮೋಡ ಕಂಡ ಮೇಲೆ ಹೊರಟರೆ ಈತನಿಗೆ ಕಾಲ ಮಿಂಚಿರುತ್ತದೆ. ಆದ್ದರಿಂದ ಈತನು ಮೋಡವನ್ನಲ್ಲ, ಮುನ್ಸೂಚನೆಯನ್ನು ನೋಡಿ ಕೆಲಸ ಹೂಡಬೇಕು.

ಮಳೆ ಬರುವ ದಾರಿ

ಅಕ್ಟೋಬರ್ ಹೊತ್ತಿಗೆ ನೈಋತ್ಯ ಮಾರುತ ಹಿಂದೆ ಸರಿದು ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ. ಬೆಚ್ಚಗಿರುವ ಬಂಗಾಳ ಕೊಲ್ಲಿಯ ಮೇಲೆ ಗಾಳಿಯ ಒತ್ತಡ ಕಡಿಮೆಯಾದ ಪ್ರದೇಶಗಳು ಉಂಟಾಗಿ, ಅವುಗಳಲ್ಲಿ ಕೆಲವು ಬಲಗೊಂಡು ತಮಿಳುನಾಡು ಅಥವಾ ಆಂಧ್ರದ ಕರಾವಳಿಯ ಕಡೆ ಚಲಿಸುತ್ತವೆ. ಗಾಳಿಯ ವೇಗ ಗಂಟೆಗೆ 31ರಿಂದ 50 ಕಿ.ಮೀ. ಇದ್ದರೆ ಅದು ವಾಯುಭಾರ ಕುಸಿತ, 51ರಿಂದ 62 ಇದ್ದರೆ ತೀವ್ರ ವಾಯುಭಾರ ಕುಸಿತ, 63 ಮುಟ್ಟಿದರೆ ಚಂಡಮಾರುತ. ಚಂಡಮಾರುತವಾದಾಗ ಮಾತ್ರ ಅದಕ್ಕೆ ಹೆಸರಿಡುತ್ತಾರೆ. ಹೆಸರು ಬಿದ್ದುದಕ್ಕೆ ಮಾತ್ರ ಹೆದರಬೇಕು, ಹೆಸರಿಲ್ಲದ್ದು ಪರವಾಗಿಲ್ಲ ಎಂದು ತಿಳಿಯುವುದು ತಪ್ಪು. 2021ರ ನವೆಂಬರಿನಲ್ಲಿ ಚೆನ್ನೈ ಸುತ್ತಿನಲ್ಲಿ ದಡ ಸೇರಿ ನಮ್ಮ ರಾಗಿಯನ್ನು ಕೆಡಿಸಿದವು ಬರಿಯ ವಾಯುಭಾರ ಕುಸಿತಗಳೇ.

ದಡ ಸೇರಿದೊಡನೆ ಸಮುದ್ರದ ತೇವ ಸಿಗದೆ ಚಂಡಮಾರುತದ ಬಲ ಕುಗ್ಗುತ್ತದೆ. ಪುದುಚೇರಿಯಿಂದ ಮೈಸೂರಿಗೆ ನೇರ ದೂರ ಸುಮಾರು 350 ಕಿ.ಮೀ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಚಲಿಸಿದರೂ ಅದರ ಉಳಿಕೆ ಇಲ್ಲಿಗೆ ಬರಲು ಒಂದು ದಿನ ಬೇಕು. ಆಗ ಮನೆ ಹಾರಿಸುವಂಥ ಗಾಳಿ ಉಳಿದಿರುವುದು ಅಪರೂಪ. ಉಳಿದಿರುವುದು ಮೋಡ, ಮಳೆ ಮತ್ತು ತೇವ. ಏಪ್ರಿಲ್–ಮೇ ತಿಂಗಳ ಗುಡುಗುಮಳೆ ಒಂದು ಗಂಟೆ ಸುರಿದು ಮರುದಿನ ಬಿಸಿಲು ಬಿಡುತ್ತದೆ. ಹಿಂಗಾರಿನ ಕುಸಿತ ಹಾಗಲ್ಲ. ದಿನಕ್ಕೆ 20 ಮಿ.ಮೀ. ಮಾತ್ರ ಬಂದರೂ ಮೂರು ನಾಲ್ಕು ದಿನ ಬಿಸಿಲೇ ಕಾಣದಿದ್ದರೆ ಕೊಯ್ಲಿನ ಬೆಳೆಗೆ ಅದು ಒಂದೇ ದಿನದ 80 ಮಿ.ಮೀ. ಮಳೆಗಿಂತ ಕೆಟ್ಟದ್ದು. ರೈತನು ಮುನ್ಸೂಚನೆಯಲ್ಲಿ ಮಳೆಯ ಪ್ರಮಾಣದ ಜೊತೆಗೆ ಮೋಡ ಎಷ್ಟು ದಿನ ಇರುತ್ತದೆ ಎಂಬುದನ್ನು ತಪ್ಪದೆ ನೋಡಬೇಕೆಂಬುದು ಇದರಿಂದಲೇ.

ಚಿತ್ತೆ, ಸ್ವಾತಿ, ವಿಶಾಖ, ಅನುರಾಧ ಎಂದು ಮಳೆ ನಕ್ಷತ್ರಗಳನ್ನು ಲೆಕ್ಕ ಹಾಕುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಯಾವ ಕಾಲದಲ್ಲಿ ಮಳೆಯ ಸಂಭವವಿದೆ ಎಂಬುದಕ್ಕೆ ಅದು ಒಳ್ಳೆಯ ಲೆಕ್ಕವೇ. ಆದರೆ ಈ ವರ್ಷ ಯಾವ ವಾರ ಮಳೆ, ಎಷ್ಟು ದಿನ ಎಂಬುದನ್ನು ಪಂಚಾಂಗ ಹೇಳಲಾರದು.

ಮುನ್ಸೂಚನೆ ಓದುವ ಕ್ರಮ

ಭಾರತ ಹವಾಮಾನ ಇಲಾಖೆಯು ಚಂಡಮಾರುತದ ಎಚ್ಚರಿಕೆಯನ್ನು ನಾಲ್ಕು ಹಂತಗಳಲ್ಲಿ ಕೊಡುತ್ತದೆ. ಮೊದಲ ಮೂರು ಹಂತಗಳು, ಅಂದರೆ 72, 48 ಮತ್ತು 24 ಗಂಟೆ ಮುಂಚಿನವು, ಮುಖ್ಯವಾಗಿ ಕರಾವಳಿಯವರಿಗಾಗಿ. ನಾಲ್ಕನೆಯದು ದಡ ಸೇರುವುದಕ್ಕೆ ಕನಿಷ್ಠ 12 ಗಂಟೆ ಮೊದಲು ಹೊರಡುತ್ತದೆ; ದಡ ಸೇರಿದ ಮೇಲೆ ಅದು ಯಾವ ದಿಕ್ಕಿಗೆ ಹೋಗುತ್ತದೆ, ಒಳನಾಡಿನಲ್ಲಿ ಏನಾಗುತ್ತದೆ ಎಂಬುದು ಇದರಲ್ಲಿರುತ್ತದೆ. ಮೈಸೂರಿನವರಿಗೆ ನೇರವಾಗಿ ಬೇಕಾದುದು ಇದೇ. ಆದರೂ ಆಳು ಮತ್ತು ಯಂತ್ರ ಗೊತ್ತುಮಾಡಲು 12 ಗಂಟೆ ಸಾಲದು. ಆದ್ದರಿಂದ ಕೊಲ್ಲಿಯಲ್ಲಿ ವಾಯುಭಾರ ಕಡಿಮೆಯಾಗಿದೆ ಎಂಬ ಮೊದಲ ಸುದ್ದಿ ಬಂದ ದಿನವೇ ಗದ್ದೆಗೆ ಹೋಗಿ ಬೆಳೆ ಎಷ್ಟು ಮಾಗಿದೆ ಎಂದು ನೋಡಿಬರುವುದು ಜಾಣತನ.

ಬಣ್ಣಗಳ ಅರ್ಥ ಹೀಗೆ: ಹಸಿರು ಎಂದರೆ ಎಚ್ಚರಿಕೆ ಇಲ್ಲ, ಹಳದಿ ಎಂದರೆ ಸುದ್ದಿಯ ಮೇಲೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಂದರೆ ಭಾರಿ ಮಳೆ, 115.6ರಿಂದ 204.4 ಬಂದರೆ ಅತಿ ಭಾರಿ ಮಳೆ ಎಂದು ಲೆಕ್ಕ. ಈ 24 ಗಂಟೆ ಬೆಳಿಗ್ಗೆ 8.30ರಿಂದ ಮರುದಿನ 8.30ರ ವರೆಗೆ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್ ನೀರು. ಭಾರಿ ಮಳೆಯ ಕನಿಷ್ಠ ಪ್ರಮಾಣ ಬಿದ್ದರೂ ಎಕರೆಗೆ ಎರಡೂವರೆ ಲಕ್ಷ ಲೀಟರ್ ಮೀರುತ್ತದೆ. ಅಷ್ಟು ನೀರು ಹೊರಹೋಗಲು ಬದುವಿನಲ್ಲಿ ಒಂದು ಗೇಣಿನ ಗಂಡಿ ಸಾಕೇ ಎಂಬುದನ್ನು ರೈತನೇ ಎಣಿಸಿಕೊಳ್ಳಬಹುದು.

ಇನ್ನು ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’ ಎಂಬ ಮಾತುಗಳು. ಇವನ್ನು ಕೇಳಿ ನಗುವವರುಂಟು. ಆದರೆ ಇವಕ್ಕೂ ಅಳತೆ ಇದೆ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕನೆಯ ಒಂದು ಭಾಗದವರೆಗೆ ಮಳೆಯಾಗುವುದಾದರೆ ಒಂದೆರಡು ಕಡೆ, ಅರ್ಧದವರೆಗೆ ಆದರೆ ಕೆಲವು ಕಡೆ, ಮುಕ್ಕಾಲಿನವರೆಗೆ ಆದರೆ ಹಲವು ಕಡೆ, ಅದಕ್ಕೂ ಮೀರಿದರೆ ಬಹುತೇಕ ಎಲ್ಲ ಕಡೆ. ‘ಒಂದೆರಡು ಕಡೆ’ ಎಂದಿದ್ದಾಗ ತನ್ನ ಹೊಲಕ್ಕೆ ಮಳೆ ಬಾರದಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ದೂರುವುದು ಸರಿಯಲ್ಲ. ಚಂಡಮಾರುತ ದಿಕ್ಕು ಬದಲಿಸುವುದೂ, ದಡದ ಬಳಿ ನಿಂತುಬಿಡುವುದೂ ಉಂಟು. ಫೆಂಗಲ್ ಪುದುಚೇರಿಯ ಬಳಿ ಗಂಟೆಗಟ್ಟಲೆ ಕದಲದೆ ನಿಂತಿತ್ತು. ಐದು ದಿನ ಮುಂಚಿನ ಸುದ್ದಿಗಿಂತ ಎರಡು ದಿನ ಮುಂಚಿನದು ಹೆಚ್ಚು ನಂಬಿಕೆಗೆ ಅರ್ಹ. ಆದ್ದರಿಂದ ಒಮ್ಮೆ ಕೇಳಿ ಸುಮ್ಮನಾಗದೆ ದಿನಕ್ಕೆ ಎರಡು ಸಲವಾದರೂ ಹೊಸ ಪ್ರಕಟಣೆಯನ್ನು ನೋಡತಕ್ಕದ್ದು.

ಮೈಸೂರು ಭಾಗಕ್ಕೆ ನಾಗನಹಳ್ಳಿಯ ಕೃಷಿ ಹವಾಮಾನ ಘಟಕವು ಮಂಗಳವಾರ ಮತ್ತು ಶುಕ್ರವಾರ ಮುಂದಿನ ಐದು ದಿನಗಳ ಮುನ್ಸೂಚನೆಯ ಜೊತೆಗೆ ಬೆಳೆಗಳಿಗೆ ಸಲಹೆ ಕೊಡುತ್ತದೆ. ಮೊಬೈಲಿನಲ್ಲಿ ‘ಮೇಘದೂತ’ ತಂತ್ರಾಂಶದಲ್ಲಿ ಇದು ಕನ್ನಡದಲ್ಲಿಯೇ ದೊರೆಯುತ್ತದೆ. ಸಿಡಿಲಿನ ಸೂಚನೆಗೆ ‘ದಾಮಿನಿ’ ಇದೆ. ಕಿಸಾನ್ ಕರೆ ಕೇಂದ್ರದ ಸಂಖ್ಯೆ 1800-180-1551. ವಿಸ್ತರಣಾ ಕಾರ್ಯಕರ್ತರು ಎಚ್ಚರಿಕೆಯನ್ನು ಪಂಚಾಯತಿ ಕಚೇರಿಯ ಗೋಡೆಗಿಂತ ಹಾಲಿನ ಡೈರಿಯ ಹಲಗೆಯ ಮೇಲೆ ಬರೆಯಿಸುವುದು ಹೆಚ್ಚು ಉಪಯುಕ್ತ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಊರಿನ ಜನ ಬಂದುಹೋಗುವ ಜಾಗ ಅದು.

ಕೊಯ್ಯುವುದೋ, ಬಿಡುವುದೋ?

ಮಳೆ ಬರುತ್ತದೆಂದು ತಿಳಿದೊಡನೆ ಅನೇಕರು ಮಾಡುವ ತಪ್ಪು ಎಂದರೆ ಗಾಬರಿಯಿಂದ ಕೊಯ್ದುಬಿಡುವುದು. ಕೊಯ್ದು ಗದ್ದೆಯಲ್ಲಿ ಮಲಗಿಸಿದ ಭತ್ತಕ್ಕಿಂತ ನಿಂತ ಭತ್ತ ಮಳೆಯನ್ನು ಚೆನ್ನಾಗಿ ತಡೆಯುತ್ತದೆ. ನಿಂತ ತೆನೆಯಿಂದ ನೀರು ಜಾರಿಹೋಗುತ್ತದೆ, ಗಾಳಿಯಾಡುತ್ತದೆ. ನೆಲದ ಮೇಲಿನ ತೆನೆ ಮೇಲಿನಿಂದಲೂ ಕೆಳಗಿನಿಂದಲೂ ನೀರು ಹೀರಿ ಎರಡು ನಾಲ್ಕು ದಿನಗಳಲ್ಲಿ ಮೊಳೆಯುತ್ತದೆ. ಹೀಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಮಳೆಗೆ ಮುಂಚೆ ಕೊಯ್ಯಬಹುದೇ’ ಎಂಬುದಲ್ಲ, ‘ಮಳೆಗೆ ಮುಂಚೆ ಕೊಯ್ದು, ಒಕ್ಕಿ, ಸೂರಿನಡಿ ಸೇರಿಸಬಹುದೇ’ ಎಂಬುದು.

ತೆನೆಯಲ್ಲಿ ನೂರಕ್ಕೆ 80ರಿಂದ 85 ಕಾಳು ಹುಲ್ಲುಬಣ್ಣಕ್ಕೆ ತಿರುಗಿದ್ದು, ಮೂರು ದಿನಗಳ ಅವಕಾಶವಿದ್ದರೆ ಕೊಯ್ಯುವುದೇ ಮೇಲು. ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಬರುತ್ತಿದ್ದ ಇಳುವರಿ ತೀರ ಸ್ವಲ್ಪ. ಒಂದೇ ದಿನ ಉಳಿದಿದ್ದು ಯಂತ್ರ ಸಿಗದಿದ್ದರೆ ಕುಡುಗೋಲು ಹಾಕಬಾರದು. ಗದ್ದೆಯ ನೀರನ್ನು ಪೂರ್ತಿ ಬಸಿದು, ಕೆಳಗಿನ ಬದುಗಳಲ್ಲಿ ಅಗಲವಾದ ಗಂಡಿ ತೆಗೆದು, ಬಸಿಗಾಲುವೆಯ ಕಳೆ ಹೂಳು ಎತ್ತಿ ಬೆಳೆಯನ್ನು ನಿಂತಂತೆಯೇ ಬಿಡಬೇಕು. ಮೇಲಿನ ಗದ್ದೆಯವರು ಬಸಿದ ನೀರು ಕೆಳಗಿನವರ ಮಾಗಿದ ಬೆಳೆಗೆ ನುಗ್ಗುವುದರಿಂದ ಈ ಕೆಲಸವನ್ನು ಒಂದೇ ಬಯಲಿನವರು ಮಾತಾಡಿಕೊಂಡು ಮಾಡಬೇಕು. ಬೆಳೆ ಇನ್ನೂ ಹಾಲುಗಾಳಿನಲ್ಲಿದ್ದರೆ ಕೊಯ್ಲಿನ ಮಾತೇ ಇಲ್ಲ. ಆಗ ಮೇಲುಗೊಬ್ಬರವಾಗಿ ಯೂರಿಯಾ ಹಾಕುವುದನ್ನೂ ಔಷಧಿ ಸಿಂಪಡಿಸುವುದನ್ನೂ ಮಳೆ ಕಳೆಯುವವರೆಗೆ ತಡೆದರೆ ಸಾಕು.

ಯಂತ್ರದಿಂದ ಕೊಯ್ದ ಭತ್ತದಲ್ಲಿ ಸಾಮಾನ್ಯವಾಗಿ ನೂರಕ್ಕೆ 20ಕ್ಕಿಂತ ಹೆಚ್ಚು ತೇವಾಂಶವಿರುತ್ತದೆ. ಇದನ್ನು ಚೀಲಕ್ಕೆ ತುಂಬಿ ಅಟ್ಟಿ ಹಾಕಿದರೆ ಒಂದೇ ರಾತ್ರಿಯಲ್ಲಿ ಬಿಸಿಯೇರಿ ಅಕ್ಕಿ ಹಳದಿಗಟ್ಟುತ್ತದೆ. ಬಿಸಿಲಿಲ್ಲದಿದ್ದರೆ ಸೂರಿನಡಿ ತೆಳುವಾಗಿ ಹರಡಿ, ಫ್ಯಾನು ಹಾಕಿ, ಗಂಟೆ ಎರಡು ಗಂಟೆಗೊಮ್ಮೆ ಕೈಯಾಡಿಸಬೇಕು. ದಾಸ್ತಾನಿಗೆ ತೇವಾಂಶ 12ರಿಂದ 14ಕ್ಕೆ ಇಳಿಯಬೇಕು. ಮಾಪಕವಿಲ್ಲದವರು ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಕಾಳು, ಒಂದು ಹಿಡಿ ಚೆನ್ನಾಗಿ ಒಣಗಿದ ಪುಡಿಯುಪ್ಪು ಹಾಕಿ ಕುಲುಕಿ ನೋಡಬಹುದು. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಹೆಚ್ಚು; ಅಂಟದಿದ್ದರೆ ಕಡಿಮೆ.

ಮಳೆಗೆ ಸಿಕ್ಕಿ ಒರಗಿದ ಭತ್ತವನ್ನು ನೀರು ಬಸಿದ ಮೇಲೆ ನಾಲ್ಕೈದು ಗುಣಿಗಳನ್ನು ಸೇರಿಸಿ ಜುಟ್ಟು ಕಟ್ಟಿ ನಿಲ್ಲಿಸಿದರೆ ಬಹುಪಾಲು ಉಳಿಯುತ್ತದೆ. ಮೋಡ ಮುಂದುವರಿದರೆ ಲೀಟರ್ ನೀರಿಗೆ 50 ಗ್ರಾಂ ಅಡುಗೆ ಉಪ್ಪು ಕರಗಿಸಿ ಮಾಗಿದ ತೆನೆಗಳ ಮೇಲೆ ಸಿಂಪಡಿಸುವುದು ಮೊಳಕೆಯನ್ನು ತಡೆಯಲು ನೆರೆಯ ತೆಲುಗು ರಾಜ್ಯಗಳಲ್ಲಿ ಶಿಫಾರಸಾಗಿರುವ ಕ್ರಮ. ಎಕರೆಗೆ 200 ಲೀಟರ್ ದ್ರಾವಣ, ಅಂದರೆ 10 ಕೆ.ಜಿ. ಉಪ್ಪು ಬೇಕು. ಹೀಗೆ ಸಿಂಪಡಿಸಿದ ಭತ್ತವನ್ನು ಬಿತ್ತನೆಗೆ ಇಡಬಾರದು.

ರಾಗಿಯಲ್ಲಿ ಸ್ವಲ್ಪ ಅನುಕೂಲವಿದೆ. ಮಾಗಿದ ತೆನೆ ಕಾಳನ್ನು ಬೇಗ ಉದುರಿಸುವುದಿಲ್ಲವಾದ್ದರಿಂದ ಕೊಯ್ಲನ್ನು ನಾಲ್ಕಾರು ದಿನ ಮುಂದೂಡಬಹುದು. ಹೊತ್ತು ಕಡಿಮೆ ಇದ್ದು ತೆನೆ ಪೂರ್ತಿ ಮಾಗಿದ್ದರೆ ತೆನೆಗಳನ್ನು ಮಾತ್ರ ಕೊಯ್ದು ಚೀಲದಲ್ಲಿ ಮನೆಗೆ ತಂದು ಹರಡಿ, ಹುಲ್ಲನ್ನು ಆಮೇಲೆ ಕೊಯ್ಯುವುದು ಒಳ್ಳೆಯದು. ಈಗಾಗಲೇ ಅರಿ ಹಾಕಿದ್ದರೆ ಮಳೆಗೆ ಮುಂಚೆ ಕಟ್ಟು ಕಟ್ಟಿ, ಎತ್ತರದ ಜಾಗದಲ್ಲಿ ಕಲ್ಲು ಅಥವಾ ದಿಮ್ಮಿಗಳ ಮೇಲೆ ತೆನೆ ಒಳಗೂ ಬುಡ ಹೊರಗೂ ಇರುವಂತೆ ಮೆದೆ ಒಟ್ಟಬೇಕು. ಮೇಲ್ಭಾಗ ಗುಡಿಸಿಲಿನ ಮಾಡಿನಂತೆ ಇಳಿಜಾರಾಗಿರಲಿ, ಸುತ್ತ ಒಂದು ಕಾಲುವೆ ಇರಲಿ. ಟಾರ್ಪಾಲನ್ನು ನೆಲದವರೆಗೆ ಎಳೆದು ಬಿಗಿಯಬಾರದು, ಕೆಳಗೆ ಒಂದು ಮೊಳ ಗಾಳಿಗೆ ಬಿಡಬೇಕು. ಒದ್ದೆ ರಾಗಿಯನ್ನು ಒಟ್ಟಿ ಟಾರ್ಪಾಲು ಮುಚ್ಚುವುದಂತೂ ಮಳೆಯಲ್ಲಿ ಬಿಡುವುದಕ್ಕಿಂತ ಹೆಚ್ಚು ಹಾನಿ. ಒಳಗೆ ಕಾವು ಹುಟ್ಟಿ ಕಾಳೂ ಹುಲ್ಲೂ ಎರಡೂ ಮುಗ್ಗುತ್ತವೆ. ಬೂಷ್ಟು ಹಿಡಿದ ಹುಲ್ಲನ್ನು ದನಗಳಿಗೆ ಹಾಕಬಾರದು. ಒಣಗಿಸದ ಮುಸುಕಿನ ಜೋಳದ ತೆನೆಯಲ್ಲಿ ಬೂಷ್ಟಿನಿಂದ ವಿಷ ಹುಟ್ಟುವುದರಿಂದ ಅದರ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು.

ಗೊನೆ ಹೊತ್ತ ಬಾಳೆಗೆ ಕವಲುಕೋಲಿನ ಆಸರೆ, ಟೊಮ್ಯಾಟೊ ಗಿಡಕ್ಕೆ ಊರುಗೋಲು ಮತ್ತು ಸಾಲುಗಳ ನಡುವೆ ನೀರು ಹೋಗಲು ದಾರಿ, ಇವನ್ನು ಹಳದಿ ಎಚ್ಚರಿಕೆ ಇರುವಾಗಲೇ ಮುಗಿಸಬೇಕು.

ಸಿಡಿಲು

ಅಕ್ಟೋಬರ್ ತಿಂಗಳ ಮಧ್ಯಾಹ್ನದ ಮಳೆಯಲ್ಲಿ ಬೆಳೆಗಿಂತ ಜೀವಕ್ಕೆ ಅಪಾಯ ಹೆಚ್ಚು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡಿಗೆ ಒಂದು ಕಿ.ಮೀ. ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಹೊಲದ ಕೆಲಸ ಬಿಟ್ಟು ಪಕ್ಕಾ ಕಟ್ಟಡ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಒಂಟಿ ಮರದ ಕೆಳಗೆ ನಿಲ್ಲುವುದು, ದನಗಳನ್ನು ಮರಕ್ಕೋ ತಂತಿ ಬೇಲಿಗೋ ಕಟ್ಟುವುದು ಕೂಡದು. ಹುಲ್ಲು ನೆನೆಯುತ್ತದೆಂದು ಗುಡುಗಿನಲ್ಲಿ ಬಣವೆಯ ಮೇಲೆ ಹತ್ತಿ ಟಾರ್ಪಾಲು ಕಟ್ಟುವವರಿದ್ದಾರೆ. ಹುಲ್ಲನ್ನು ಮತ್ತೆ ಕೊಳ್ಳಬಹುದು.

ನಷ್ಟವಾದ ಮೇಲೆ

ಫಸಲ್ ಬೀಮಾ ಯೋಜನೆಯಲ್ಲಿ ನೋಂದಾಯಿಸಿದ ಬೆಳೆಯನ್ನು ಕೊಯ್ದು ಹೊಲದಲ್ಲಿಯೇ ಹರಡಿ ಅಥವಾ ಸಣ್ಣ ಕಟ್ಟುಗಳಾಗಿ ಒಣಗಲು ಬಿಟ್ಟಿದ್ದು, ಕೊಯ್ದ 14 ದಿನಗಳೊಳಗೆ ಚಂಡಮಾರುತದ ಅಥವಾ ಅಕಾಲಿಕ ಮಳೆಯಿಂದ ಹಾನಿಯಾದರೆ ಪರಿಹಾರಕ್ಕೆ ಅವಕಾಶವಿದೆ. ಹಾನಿಯಾದ 72 ಗಂಟೆಗಳೊಳಗೆ 14447 ಸಂಖ್ಯೆಗೆ, ಇಲ್ಲವೆ ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಈ ಗಡುವು ಮೀರಿದ್ದರಿಂದಲೇ ಪರಿಹಾರ ಕೈತಪ್ಪುವುದುಂಟು. ಕೊಯ್ದ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ಕೊಯ್ಲಿನ ದಿನ ಒಂದು, ಮಳೆಯ ನಂತರ ಒಂದು ಫೋಟೊ ತೆಗೆದಿಡಬೇಕು. ವಿಮೆ ಇಲ್ಲದವರು ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಡಬಹುದು. ವಿಪತ್ತು ಪರಿಹಾರ ನಿಧಿಯ ನೆರವಿಗೆ ಬೆಳೆ ಹಾನಿ ನೂರಕ್ಕೆ 33 ಅಥವಾ ಹೆಚ್ಚು ಇರಬೇಕು. ಜಂಟಿ ಸಮೀಕ್ಷೆಯವರು ಬರುವ ಮೊದಲು ಒರಗಿದ ಬೆಳೆಯನ್ನು ಕೊಯ್ಯಲೇಬೇಕಾಗಿ ಬಂದರೆ ಗದ್ದೆಯ ಒಂದು ಮೂಲೆಯಲ್ಲಿ ಸ್ವಲ್ಪ ಭಾಗವನ್ನು ಹಾಗೆಯೇ ಉಳಿಸಿ ತೋರಿಸುವುದು ಲೇಸು.